ಎವ್ರೊಸ್ ನದಿದಂಡೆಯ ಸುಫ್ಲಿ: ಹೋಗಿಬಂದವರ ಅನುಭವಗಳು

ಪ್ರಶ್ನೆ: ನಮ್ಮದು ರಾಮನಗರದ ಕಡೆಯ ರೇಷ್ಮೆ ಬೆಳೆಗಾರರ ಕುಟುಂಬ, ನಾನು ಈಗ ಕೆಲಸದ ನಿಮಿತ್ತ ಜರ್ಮನಿಯಲ್ಲಿದ್ದೇನೆ. ಮೇ ತಿಂಗಳಲ್ಲಿ ತಂದೆಯವರನ್ನು ಕರೆದುಕೊಂಡು ಗ್ರೀಸ್‌ನ ಈಶಾನ್ಯ ಮೂಲೆಯಲ್ಲಿ, ಟರ್ಕಿಯ ಗಡಿಯಲ್ಲಿರುವ ಸುಫ್ಲಿ ಎಂಬ ರೇಷ್ಮೆ ಪಟ್ಟಣಕ್ಕೆ ಹೋಗುವ ಆಲೋಚನೆಯಿದೆ. ಅಲ್ಲಿ ನೋಡುವಂಥದ್ದು ಏನಿದೆ, ಊರಿನ ಹಿನ್ನೆಲೆ ಏನು, ಗಡಿಯ ಊರಾದ್ದರಿಂದ ಯಾವ ಎಚ್ಚರಿಕೆ ಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಖಂಡಿತ ಹೋಗಿ, ಆದರೆ ರಾಮನಗರದ ಗೂಡಿನ ಮಾರುಕಟ್ಟೆಯ ಗದ್ದಲವನ್ನು ಅಲ್ಲಿ ನಿರೀಕ್ಷಿಸಬೇಡಿ. ಇಂದು ಸುಫ್ಲಿಯಲ್ಲಿ ಉಳಿದಿರುವುದು ಕೆಲವು ಅಂಗಡಿಗಳು, ಬೆರಳೆಣಿಕೆಯ ನೇಯ್ಗೆಯವರು ಮತ್ತು ವಸ್ತುಸಂಗ್ರಹಾಲಯಗಳು. ರೇಷ್ಮೆ ಸಂಗ್ರಹಾಲಯವಿರುವುದು 1883ರಲ್ಲಿ ಕಟ್ಟಿದ ಕುರ್ತಿದಿಸ್ ಮನೆತನದ ಭವನದಲ್ಲಿ. ಮೊಟ್ಟೆಯಿಂದ ಹಿಡಿದು ನೂಲು ಬಿಚ್ಚಾಣಿಕೆಯವರೆಗಿನ ಎಲ್ಲ ಹಂತಗಳನ್ನೂ ಹಳೆಯ ಸಲಕರಣೆಗಳ ಸಮೇತ ಅಲ್ಲಿ ಜೋಡಿಸಿಟ್ಟಿದ್ದಾರೆ. ತಂದೆಯವರಿಗೆ ಯಾವ ವಿವರಣೆಯೂ ಬೇಕಾಗಲಾರದು.

ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಊರಿನ ಬೀದಿಗಳಲ್ಲಿ ಇಂದಿಗೂ ನಿಂತಿರುವ ಇಟ್ಟಿಗೆಯ ಎತ್ತರದ ಹುಳು ಮನೆಗಳನ್ನು. ನಮ್ಮಲ್ಲಿ ಹಿಪ್ಪುನೇರಳೆ ವರ್ಷವಿಡೀ ಚಿಗುರುವುದರಿಂದ ವರ್ಷಕ್ಕೆ ಐದಾರು ಬೆಳೆ ತೆಗೆಯುತ್ತೇವೆ; ಚಳಿಗಾಲದಲ್ಲಿ ಎಲೆಯೆಲ್ಲ ಉದುರುವ ಆ ಸೀಮೆಯಲ್ಲಿ ವಸಂತದ ಒಂದೇ ಬೆಳೆ ಮುಖ್ಯ. ಇಡೀ ವರ್ಷದ ಆದಾಯ ಕೆಲವೇ ವಾರಗಳ ಸಾಕಣೆಯಲ್ಲಿ ಬರಬೇಕಾದಾಗ, ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹಂತ) ಕಳೆದ ಹುಳುಗಳಿಗೆ ಜಾಗ ಒದಗಿಸಲು ಮನೆಯ ಮಹಡಿಗಳನ್ನೇ ಬಿಟ್ಟುಕೊಡಬೇಕಾಗುತ್ತಿತ್ತು. ಆ ಕಟ್ಟಡಗಳ ಗಾತ್ರಕ್ಕೆ ಇದೇ ಕಾರಣ. ಹಿಪ್ಪುನೇರಳೆಯನ್ನೂ ಅಲ್ಲಿ ನಮ್ಮ ಹಾಗೆ ಕಡ್ಡಿ ನೆಟ್ಟು ಪೊದೆಯಾಗಿ ಅಲ್ಲ, ಮರವಾಗಿ ಬೆಳೆಸುತ್ತಿದ್ದರು. ಮೇ ತಿಂಗಳನ್ನು ಆರಿಸಿಕೊಂಡದ್ದು ಒಳ್ಳೆಯದಾಯಿತು. ಹುಳು ಕಾಣಸಿಗುವುದಿದ್ದರೆ ಆಗಲೇ.

ಉತ್ತರ 2: ನಾನು ಕೆಲವು ವರ್ಷ ಥೆಸಲೊನೀಕಿಯಲ್ಲಿದ್ದವನು. ಮೇಲಿನವರು ಹೇಳಿದ್ದಕ್ಕೆ ಗಡಿಯ ಇತಿಹಾಸವನ್ನು ಸೇರಿಸದಿದ್ದರೆ ಅಷ್ಟು ಸಮೃದ್ಧವಾಗಿದ್ದ ಊರು ಏಕೆ ಕುಗ್ಗಿತು ಎಂಬುದು ತಿಳಿಯುವುದಿಲ್ಲ. ಬಲ್ಗೇರಿಯದ ರಿಲಾ ಪರ್ವತಗಳಲ್ಲಿ ಹುಟ್ಟಿ ಏಜಿಯನ್ ಸಮುದ್ರ ಸೇರುವ ಎವ್ರೊಸ್ ನದಿಯನ್ನು ಬಲ್ಗೇರಿಯದವರು ಮರೀತ್ಸ ಎಂದೂ ಟರ್ಕಿಯವರು ಮೆರಿಚ್ ಎಂದೂ ಕರೆಯುತ್ತಾರೆ. ಸುಫ್ಲಿ ಇದರ ಪಶ್ಚಿಮ ದಂಡೆಯ ಗುಡ್ಡಗಳ ಬುಡದಲ್ಲಿದೆ. ಊರಿನವರ ಹಿಪ್ಪುನೇರಳೆ ತೋಟಗಳಲ್ಲಿ ಬಹುಪಾಲು ಇದ್ದದ್ದು ಪೂರ್ವ ದಂಡೆಯ ಬಯಲಿನಲ್ಲಿ. ಆಟೊಮನ್ ಆಳ್ವಿಕೆಯಲ್ಲಿ ಎರಡೂ ದಂಡೆಗಳು ಒಂದೇ ರಾಜ್ಯದಲ್ಲಿದ್ದುದರಿಂದ ಇದು ತೊಡಕೆನಿಸಿರಲಿಲ್ಲ, ಮತ್ತು 1870ರ ದಶಕದಲ್ಲಿ ರೈಲು ಬಂದ ಮೇಲಂತೂ ಗೂಡಿನ ವ್ಯಾಪಾರಕ್ಕೆ ದೂರದ ಮಾರುಕಟ್ಟೆಗಳು ಹತ್ತಿರವಾದವು.

1912–13ರ ಬಾಲ್ಕನ್ ಯುದ್ಧಗಳ ನಂತರ ಊರು ಬಲ್ಗೇರಿಯದ ವಶವಾಯಿತು. ಮೊದಲ ಮಹಾಯುದ್ಧದಲ್ಲಿ ಸೋತ ಬಲ್ಗೇರಿಯ 1919ರ ನಯಿ ಒಪ್ಪಂದದಲ್ಲಿ ಪಶ್ಚಿಮ ಥ್ರೇಸನ್ನು, ಅಂದರೆ ನದಿಯ ಪಶ್ಚಿಮಕ್ಕಿರುವ ಸುಫ್ಲಿಯ ಸೀಮೆಯನ್ನು, ಬಿಟ್ಟುಕೊಟ್ಟಿತು, ಮತ್ತು 1920ರಲ್ಲಿ ಗ್ರೀಕ್ ಸೇನೆ ಬಂದಿತು. ಆಗ ನದಿಯಾಚೆಯ ಪೂರ್ವ ಥ್ರೇಸ್ ಕೂಡ ಗ್ರೀಸ್‌ನ ಕೈಯಲ್ಲಿದ್ದುದರಿಂದ, ಸುಮಾರು ಎರಡು ವರ್ಷ ನದಿಯ ಎರಡೂ ದಂಡೆಗಳು ಮತ್ತೆ ಒಂದೇ ಆಡಳಿತದಲ್ಲಿದ್ದವು. 1922ರಲ್ಲಿ ಗ್ರೀಕರು ಪೂರ್ವ ಥ್ರೇಸನ್ನು ತೆರವು ಮಾಡಿದರು. 1923ರ ಲೊಸಾನ್ ಒಪ್ಪಂದ ನದಿಯನ್ನೇ ಗಡಿಯಾಗಿಸಿತು. ಹುಳು ಈ ದಂಡೆಯಲ್ಲಿ, ಸೊಪ್ಪು ಆ ದಂಡೆಯಲ್ಲಿ. ಕೃತಕ ನೂಲಿನ ಪೈಪೋಟಿಯೂ ಮುಂದೆ ಬಂದಿತೆಂಬುದು ನಿಜ, ಆದರೆ ಮೊದಲ ಪೆಟ್ಟು ಕೊಟ್ಟದ್ದು ಈ ಗಡಿರೇಖೆಯೇ ಎಂದು ನಾನು ನಂಬುತ್ತೇನೆ.

ಸಮಯವಿದ್ದರೆ ಉತ್ತರಕ್ಕೆ ಒರೆಸ್ತಿಯಾದಕ್ಕೂ ಹೋಗಿ. ಅದೇ ಲೊಸಾನ್ ಒಪ್ಪಂದದಲ್ಲಿ ಟರ್ಕಿಯ ಎದಿರ್ನೆ ನಗರದ ಎದುರಿನ ಕರಾಗಾಚ್ ಟರ್ಕಿಗೆ ಹೋದಾಗ, ಅಲ್ಲಿಂದ ಎದ್ದು ಬಂದವರು 1923ರಲ್ಲಿ ಕಟ್ಟಿಕೊಂಡ ಊರು ಅದು. ಒಂದು ವಿಚಿತ್ರವೆಂದರೆ, ಗ್ರೀಸ್‌ನ ರೈಲು ಮಾರ್ಗ 1971ರವರೆಗೂ ಕರಾಗಾಚ್‌ನಲ್ಲಿ ಟರ್ಕಿಯೊಳಗೆ ಹೊಕ್ಕು ಮತ್ತೆ ಗ್ರೀಸ್‌ಗೆ ಬರುತ್ತಿತ್ತು. ಆಮೇಲಷ್ಟೇ ಎರಡೂ ದೇಶಗಳು ತಂತಮ್ಮ ನೆಲದಲ್ಲಿ ಹೊಸ ಹಳಿ ಹಾಕಿಕೊಂಡವು.

ಉತ್ತರ 3: ಪ್ರಯಾಣದ ಬಗ್ಗೆ ಮಾತ್ರ ಬರೆಯುತ್ತೇನೆ. ಅಲೆಕ್ಸಾಂಡ್ರುಪೊಲಿಯಿಂದ ಸುಫ್ಲಿ ಸುಮಾರು 65 ಕಿ.ಮೀ.; ಬಸ್ಸುಗಳಿವೆ, ಆದರೆ ವಯಸ್ಸಾದವರು ಜೊತೆಗಿದ್ದರೆ ಬಾಡಿಗೆ ಕಾರು ಅನುಕೂಲ. ಹತ್ತಿರದ ದಾದಿಯ ಅರಣ್ಯ ಕಪ್ಪು ರಣಹದ್ದುಗಳಿಗೆ ಹೆಸರಾದದ್ದು. 2023ರ ಆಗಸ್ಟ್‌ನ ಭೀಕರ ಕಾಡ್ಗಿಚ್ಚಿನಲ್ಲಿ ಅದರ ದೊಡ್ಡ ಭಾಗ ಸುಟ್ಟುಹೋಗಿದೆಯಾದ್ದರಿಂದ ಹಳೆಯ ಚಿತ್ರಗಳನ್ನು ನೋಡಿ ಹೊರಡಬೇಡಿ. ನದಿಯಂಚಿನ ಪಟ್ಟಿ ಸೇನೆಯ ನಿಗಾದಲ್ಲಿದೆ: ಕಾವಲು ಗೋಪುರ, ಸೈನಿಕರು, ಸೇನಾ ವಾಹನಗಳ ಚಿತ್ರ ತೆಗೆಯಕೂಡದು, ಫಲಕ ಕಂಡಲ್ಲಿಂದ ಮುಂದೆ ಹೋಗಕೂಡದು, ಪಾಸ್‌ಪೋರ್ಟ್ ಜೇಬಿನಲ್ಲೇ ಇರಲಿ. ಕಾಸ್ತನಿಯೆಸ್ ಗಡಿ ಠಾಣೆಯ ಮೂಲಕ ಎದಿರ್ನೆಗೆ ಹೋಗಿಬರುವ ಆಸೆ ಯಾರಿಗಾದರೂ ಆಗುತ್ತದೆ; ಆದರೆ ತಂದೆಯವರದು ಒಂದೇ ಪ್ರವೇಶದ ಷೆಂಗನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ವೀಸಾ) ಆಗಿದ್ದರೆ, ಟರ್ಕಿಗೆ ಕಾಲಿಟ್ಟ ಮೇಲೆ ಅದೇ ವೀಸಾದಲ್ಲಿ ಗ್ರೀಸ್‌ಗೆ ಮರಳಲಾಗುವುದಿಲ್ಲ. ಅರ್ಜಿ ಹಾಕುವಾಗಲೇ ಬಹುಪ್ರವೇಶದ ವೀಸಾ ಕೇಳಿ, ಟರ್ಕಿಯದನ್ನು ಪ್ರತ್ಯೇಕವಾಗಿ ಮಾಡಿಸಿಕೊಳ್ಳಿ.