ತಂಗಿ ನನ್ನ ಮಗುವನ್ನು ಹೊತ್ತು ಕೊಡ್ತೀನಿ ಅಂತಿದ್ದಾಳೆ, ಅನುಭವ ಇದ್ದವರು ಹೇಳಿ

ಹೇಮಾವತಿ: ನನಗೆ 38. ಎರಡು ವರ್ಷದ ಹಿಂದೆ ಗರ್ಭಕೋಶ ತೆಗೆದರು, ಅಂಡಾಶಯ ಉಳಿದಿದೆ. ತಂಗಿಗೆ 34, ಒಂದು ಮಗು ಇದೆ. "ನಾನೇ ಹೊತ್ತು ಕೊಡ್ತೀನಿ ಅಕ್ಕ" ಅಂತಿದ್ದಾಳೆ. ಓಡಾಟ ಎಷ್ಟು, ಖರ್ಚು ಎಷ್ಟು? ಶುರು ಮಾಡಲಾ?

ಬೆಳ್ಳಿಮೋಡ: ನಮ್ಮದು ಹೋದ ವರ್ಷ ಮುಗಿಯಿತು. ಓರಗಿತ್ತಿಯೇ ಬಾಡಿಗೆ ತಾಯಿ. ಲೆಕ್ಕ ಬರೆದ ನೋಟ್‌ಬುಕ್ ಇನ್ನೂ ಇದೆ. ನನ್ನ ಅಂಡಾಣು ತೆಗೆಸಲು ಮೊದಲ ಸಲ 1,85,000. ಒಂದು ಭ್ರೂಣವೂ ಬೆಳೆಯಲಿಲ್ಲ. ಎರಡನೇ ಸಲ 2,10,000. ಅವಳಿಗೆ 36 ತಿಂಗಳ ವಿಮೆ ಬೇಕೇ ಬೇಕು ಅಲ್ವಾ, ಮೂರು ಕಡೆ ಆಗಲ್ಲ ಅಂದರು, ನಾಲ್ಕನೆಯವರು 78,400 ತಗೊಂಡರು. ವಕೀಲರಿಗೆ 60,000. ಮಗು ನಮ್ಮದೇ ಅನ್ನುವ ಮ್ಯಾಜಿಸ್ಟ್ರೇಟ್ ಆದೇಶಕ್ಕೆ ಹೋದರೆ ಆಧಾರ್‌ನಲ್ಲಿ ನನ್ನ ಇನಿಷಿಯಲ್ ಮುಂದೆ, ಮದುವೆ ಸರ್ಟಿಫಿಕೇಟ್‌ನಲ್ಲಿ ಹಿಂದೆ. ಅದೊಂದಕ್ಕೇ ಏಳು ವಾರ ಹೋಯಿತು. ಆದರೂ ಮಗಳು ಬಂದಳು. ನಾಮಕರಣದ ದಿನ ಓರಗಿತ್ತಿಗೆ ಎರಡೆಳೆ ಸರ ಹಾಕಿದೆ.

ಮಲೆನಾಡ ಮಳೆ: ಆ ಸರದ ವಿಷಯ ಇಲ್ಲಿ ಬರೆಯಬೇಡಿ. 2021ರ ಬಾಡಿಗೆ ತಾಯ್ತನದ ಕಾನೂನು ದುಡ್ಡಿನ ರೂಪದಲ್ಲೂ ವಸ್ತುವಿನ ರೂಪದಲ್ಲೂ ಪ್ರತಿಫಲ ಕೊಡಬಾರದು ಅನ್ನುತ್ತದೆ. ಮೊದಲ ತಪ್ಪಿಗೇ ದಂಪತಿಗೆ 5 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ.

ಬೆಳ್ಳಿಮೋಡ: ಮನೆ ಸೊಸೆಗೆ ಸರ ಹಾಕುವುದು ವ್ಯಾಪಾರವಾ? ನಿಮ್ಮ ಮನೆಯಲ್ಲಿ ಯಾರೂ ಯಾರಿಗೂ ಏನೂ ಕೊಡಲ್ವಾ?

ಅತ್ತಿಗೆ: ಸರ ಬಿಡಿ, ಮೊದಲು "ಬಾಡಿಗೆ" ಅನ್ನುವುದನ್ನು ಬಿಡಿ. ನಾನು ಹೊತ್ತವಳು, ನಾದಿನಿಗೆ. ಒಂದು ರೂಪಾಯಿ ತಗೊಂಡಿಲ್ಲ. ಎರಡು ಸಲ ಭ್ರೂಣ ಇಟ್ಟರು, ನಿಲ್ಲಲಿಲ್ಲ. ಮೂರಕ್ಕಿಂತ ಜಾಸ್ತಿ ಪ್ರಯತ್ನಕ್ಕೆ ಅವಕಾಶವೇ ಇಲ್ಲ, ಹಾಗಾಗಿ ಮೂರನೆಯದಕ್ಕೆ ಹೋಗುವಾಗ ಕೈ ನಡುಗುತ್ತಿತ್ತು. ಗರ್ಭ ನಿಲ್ಲಲಿ ಅಂತ ದಿನಾ ಪ್ರೊಜೆಸ್ಟರಾನ್ ಹಾರ್ಮೋನಿನ ಸೂಜಿ. ಸೊಂಟದಲ್ಲಿ ಗೋಲಿಯಷ್ಟು ಗಂಟುಗಳು, ಮಗ್ಗುಲಾಗಿ ಮಲಗಲು ಆಗುತ್ತಿರಲಿಲ್ಲ. ಹೆತ್ತ ಮೂರನೇ ದಿನ ಹಾಲು ಬಂತು. ಮಗು ಪಕ್ಕದ ರೂಮಿನಲ್ಲಿ ಅಳುತ್ತಿತ್ತು, ನನ್ನ ಕುಪ್ಪಸ ಒದ್ದೆಯಾಗುತ್ತಿತ್ತು. ಬಾಡಿಗೆ ಅಂತ ಬರೆಯುವಾಗ ಅದನ್ನೂ ನೆನೆಸಿಕೊಳ್ಳಿ.

ಬೆಳ್ಳಿಮೋಡ: ಪೇಪರ್‌ನವರೆಲ್ಲ ಹಾಗೇ ಬರೆಯುತ್ತಾರೆ, ನಾನೂ ಬರೆದೆ. ಅವಳನ್ನು ನಾನು ಹಾಗೆ ಕರೆದಿಲ್ಲ.

ಸಂಜೆಮಲ್ಲಿಗೆ: ನಿಮಗೆಲ್ಲ ಪದದ ಜಗಳವಾದರೂ ಇದೆ. ನನಗೆ 41, ಮದುವೆ ಆಗಿಲ್ಲ. ಟಿಬಿಯಿಂದ ಗರ್ಭಕೋಶದ ಒಳಪದರ ಹಾಳಾಗಿದೆ. ಒಂಟಿ ಹೆಣ್ಣು ತಾನೇ ಹೊರುವುದಾದರೆ ಐವಿಎಫ್‌ಗೆ ಅಡ್ಡಿ ಇಲ್ಲ. ಇನ್ನೊಬ್ಬಳು ಹೊರಬೇಕೆಂದರೆ ವಿಧವೆಯೋ ವಿಚ್ಛೇದಿತೆಯೋ ಆಗಿರಬೇಕು, 35ರಿಂದ 45ರ ಒಳಗೆ. ಮದುವೆಯಾಗಿ ಬಿಟ್ಟಿದ್ದರೆ ತಾಯಿಯಾಗಬಹುದು, ಆಗದೇ ಇದ್ದರೆ ಇಲ್ಲ. ಇದು ಯಾವ ನ್ಯಾಯ?

ಹಳೇಬೇರು: ದತ್ತು ತಗೊಳ್ಳಿ. ಇಷ್ಟು ಓಡಾಟ ಯಾಕೆ?

ಸಂಜೆಮಲ್ಲಿಗೆ: ದತ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಕಾರಾದಲ್ಲಿ ಹೆಸರು ಬರೆಸಿ ನಾಲ್ಕು ವರ್ಷ ಆಯಿತು. ಸುಮ್ನೆ ಉಪದೇಶ ಬೇಡ.

ಗಟ್ಟಿಜೀವ: ನಮ್ಮ ಭ್ರೂಣ ಶೇಖರಿಸಿಟ್ಟಿದ್ದು 2020ರಲ್ಲಿ. ಕೋವಿಡ್ ಬಂತು, ಕೆಲಸ ನಿಂತಿತು. 2022ರ ಜನವರಿ 25ಕ್ಕೆ ಕಾನೂನು ಜಾರಿಯಾಯಿತು. ಗಂಡಸಿಗೆ 55 ದಾಟಬಾರದು, ನನಗೆ 56. ವರ್ಷಕ್ಕೆ 25,000ದಂತೆ ಶೇಖರಣೆ ಶುಲ್ಕ ಕಟ್ಟುತ್ತಲೇ ಬಂದೆ. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಕಾನೂನಿಗಿಂತ ಮೊದಲೇ ಭ್ರೂಣ ಶೇಖರಿಸಿಟ್ಟ ದಂಪತಿಗಳಿಗೆ ವಯಸ್ಸಿನ ಮಿತಿ ಅನ್ವಯಿಸಲ್ಲ ಅಂದಿತು. ಆ ಸಾಲು ಓದಿ ಹೆಂಡತಿ ಅತ್ತಳು. ಆದರೆ ಹೊರಲು ಒಪ್ಪಿದ್ದ ಅವಳ ಅಕ್ಕನ ಮಗಳು ಅಷ್ಟರಲ್ಲಿ 36ಕ್ಕೆ ಬಂದಿದ್ದಳು.

ಹೇಮಾವತಿ: ಸರ್, ಹೊರುವವರಿಗೂ ಮಿತಿ ಇದೆಯಾ? ನನ್ನ ತಂಗಿಗೆ ಮಾರ್ಚ್‌ಗೆ 35.

ಗಟ್ಟಿಜೀವ: ಇದೆ ತಾಯಿ. 25ರಿಂದ 35. ಅದೂ ಅರ್ಜಿ ಕೊಟ್ಟ ದಿನಕ್ಕಲ್ಲ, ಭ್ರೂಣ ಇಡುವ ದಿನಕ್ಕೆ. ಜಿಲ್ಲಾ ವೈದ್ಯಕೀಯ ಮಂಡಳಿಗೆ ಈ ವಾರವೇ ಹೋಗಿ. ಗರ್ಭಕೋಶ ತೆಗೆದ ಡಿಸ್ಚಾರ್ಜ್ ಸಮ್ಮರಿ ಮೂಲ ಪ್ರತಿ ಇಟ್ಟುಕೊಂಡಿರಿ.

ಬೆಳ್ಳಿಮೋಡ: ಇನಿಷಿಯಲ್ ಕೂಡ ನೋಡಿಕೊಳ್ಳಿ.