ಹಳೇ ಸಿಬಿಆರ್ 250ಆರ್: ಸೋರುವ ಒಂದು ಕೂಲೆಂಟ್ ಹೋಸ್ ಬದಲಿಸಿದರೆ ಸಾಕಾ?

ಪ್ರಶ್ನೆ (ಸಂತೆಕಟ್ಟೆ, ಉಡುಪಿ):
ಅಣ್ಣ, ನನ್ನದು 2012ರ ಹೋಂಡಾ ಸಿಬಿಆರ್ 250ಆರ್. ಸೆಕೆಂಡ್‌ಹ್ಯಾಂಡ್ ತೆಗೆದುಕೊಂಡದ್ದು. ಹಿಂದೆ ಬ್ಯಾಗ್ ಕಟ್ಟಿಕೊಂಡು ದೂರ ಹೋಗುವುದಕ್ಕೇ ಇಟ್ಟುಕೊಂಡ ಗಾಡಿ. ಮೊನ್ನೆ ಆಗುಂಬೆ ಘಾಟಿ ಹತ್ತಿ ಮೇಲೆ ನಿಲ್ಲಿಸಿದಾಗ ಒಂಥರಾ ಸಿಹಿ ವಾಸನೆ, ಬೆಲ್ಲ ಕಾಯಿಸಿದ ಹಾಗೆ. ಬಗ್ಗಿ ನೋಡಿದರೆ ರೇಡಿಯೇಟರಿನ ಕೆಳಗಿನ ಹೋಸ್‌ನ ಕ್ಲಿಪ್ ಹತ್ತಿರ ಹಸಿರು ಬಿಳಿ ಪುಡಿ ಕಟ್ಟಿತ್ತು. ನೆಲಕ್ಕೆ ಏನೂ ಬಿದ್ದಿರಲಿಲ್ಲ. ಕ್ಲಿಪ್ ಸ್ವಲ್ಪ ಬಿಗಿ ಮಾಡಿದೆ, ವಾಸನೆ ಕಮ್ಮಿ ಆಯಿತು. ಇಲ್ಲಿ ಒಂದು ಗ್ಯಾರೇಜಿನಲ್ಲಿ ಕೇಳಿದರೆ "ಅದೊಂದು ಪೈಪ್ ಬದಲಿಸಿ, ಉಳಿದದ್ದು ಚೆನ್ನಾಗಿದೆ, ಸುಮ್ನೆ ಮುಟ್ಟಬೇಡಿ" ಅಂದರು. ಮಳೆ ಬಿಟ್ಟ ಮೇಲೆ ಗೋವಾ ಕಡೆ ಹೋಗುವ ಪ್ಲಾನ್ ಉಂಟು. ಒಂದೇ ಸಾಕಾ? ಮನೆಯಲ್ಲಿ ನಾನೇ ಮಾಡಬಹುದಾ?

ಉತ್ತರ (ಬೈಕ್ ಮೆಕ್ಯಾನಿಕ್, ಪಡೀಲ್, ಮಂಗಳೂರು):
ಆ ಸಿಹಿ ವಾಸನೆ ಕೂಲೆಂಟ್‌ನದ್ದು, ಅಂದರೆ ಎಂಜಿನ್ ತಣ್ಣಗಿಡುವ ದ್ರವದ್ದು. ವಾಸನೆ ಹಿಡಿದು ಬಗ್ಗಿ ನೋಡಿದಿರಲ್ಲ, ಒಳ್ಳೆಯದಾಯಿತು. ಮಳೆಗಾಲದಲ್ಲಿ ಗಾಡಿ ಕೆಳಗೆ ಏನು ತೊಟ್ಟಿಕ್ಕಿದರೂ ಮಳೆ ನೀರು ಅಂತ ಬಿಟ್ಟುಬಿಡುವವರೇ ಜಾಸ್ತಿ.

ಒಂದು ಸಾಲದು. ಎಲ್ಲ ಹೋಸ್, ಎಲ್ಲ ಕ್ಲಿಪ್, ಜೊತೆಗೆ ರೇಡಿಯೇಟರ್ ಕ್ಯಾಪ್ ಕೂಡ ಬದಲಿಸಿ. ಈ ಹೋಸ್‌ಗಳು ಇಪಿಡಿಎಂ ಎಂಬ ರಬ್ಬರಿನವು, ನಡುವೆ ನೂಲಿನ ಹೆಣಿಗೆ ಇರುತ್ತದೆ. ನಾವೆಲ್ಲ ಹೊರಗೆ ಬಿರುಕು ಉಂಟಾ ಅಂತ ನೋಡುತ್ತೇವೆ. ಆದರೆ ಇದು ಒಳಗಿನಿಂದಲೂ ಹಾಳಾಗುತ್ತದೆ. ರಬ್ಬರ್, ಕೂಲೆಂಟ್, ಹೋಸ್ ತೊಡಿಸುವ ಅಲ್ಯೂಮಿನಿಯಂ ಮೂತಿ ಮೂರೂ ಸೇರುವಲ್ಲಿ ಬಹಳ ಸಣ್ಣ ಮಟ್ಟದ ವಿದ್ಯುತ್ ಕ್ರಿಯೆ ನಡೆಯುತ್ತಿರುತ್ತದೆ. ವರ್ಷಗಟ್ಟಲೆ ಹಾಗೇ ನಡೆದರೆ ಒಳಗೋಡೆಯಲ್ಲಿ ಉದ್ದುದ್ದ ಸೀಳು ಬೀಳುತ್ತದೆ. ಅದೂ ನಡುವಿನಲ್ಲಿ ಅಲ್ಲ, ಕ್ಲಿಪ್ ಇರುವ ತುದಿಗಳ ಹತ್ತಿರ. ಹೊರಗೆ ಹೋಸ್ ಕಪ್ಪಗೆ ಮಿರಮಿರ ಮಿಂಚುತ್ತಿರುತ್ತದೆ!

ನೀವೇ ಪರೀಕ್ಷೆ ಮಾಡಿ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಮೇಲಿನ ಹೋಸ್ ಹಿಡಿಯಿರಿ. ಮೊದಲು ನಡುವೆ ಹಿಸುಕಿ, ಆಮೇಲೆ ಕ್ಲಿಪ್‌ನ ಪಕ್ಕದಲ್ಲೇ ಎರಡು ಬೆರಳಲ್ಲಿ ಹಿಸುಕಿ. ಎರಡೂ ಕಡೆ ಒಂದೇ ರೀತಿ ಬಿಗಿ ಇರಬೇಕು. ತುದಿಯಲ್ಲಿ ಮೆತ್ತಗೆ, ಪೊಳ್ಳು ಅನಿಸಿದರೆ, ಅಥವಾ ಬೆರಳಿಗೆ ಕರಕರ ಸಿಕ್ಕಿದರೆ ಒಳಗೆ ಸೀಳಿದೆ ಎಂದೇ ಅರ್ಥ. ಎಲ್ಲ ಹೋಸ್‌ಗೂ ಒಂದೇ ವಯಸ್ಸು, ಕುಡಿದದ್ದೂ ಒಂದೇ ಕೂಲೆಂಟ್. ಕೆಳಗಿನದು ಹೋಗಿದೆ ಅಂದರೆ ಮೇಲಿನದು ಸಾಲಿನಲ್ಲಿ ನಿಂತಿದೆ. ಎಂಜಿನ್‌ನಿಂದ ಹೊರಬರುವ ಕುದಿ ಕೂಲೆಂಟ್ ಮೊದಲು ಬರುವುದು ಅದಕ್ಕೇ ಅಲ್ವಾ. ಕೆಲವು ಜಪಾನಿ ಬೈಕ್‌ಗಳ ಮ್ಯಾನುಯಲ್‌ನಲ್ಲಿ ಮೂರು ನಾಲ್ಕು ವರ್ಷಕ್ಕೆ ಹೋಸ್ ಬದಲಿಸಿ ಅಂತಲೇ ಇದೆ. ನಿಮ್ಮದು 2012ರದ್ದು, ಮೊದಲಿನವರು ಬದಲಿಸಿದ್ದಕ್ಕೆ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಇಟ್ಟುಕೊಳ್ಳಿ.

ಕ್ಲಿಪ್ ಬಿಗಿ ಮಾಡುವುದು ಇಲ್ಲಿಗೇ ನಿಲ್ಲಿಸಿ. ಹಳೇ ರಬ್ಬರ್ ಚಪ್ಪಟೆಯಾಗಿ ಕೂತುಬಿಟ್ಟಿರುತ್ತದೆ, ಇನ್ನೂ ಬಿಗಿದರೆ ಕ್ಲಿಪ್ಪೇ ಅದನ್ನು ಕಡಿಯುತ್ತದೆ.

ಮನೆಯಲ್ಲಿ ಮಾಡಬಹುದು. ಫೇರಿಂಗ್ (ಹೊರಗಿನ ಪ್ಲಾಸ್ಟಿಕ್ ಕವಚ) ಬಿಚ್ಚುವ ತಾಳ್ಮೆ ಇದ್ದರೆ ಅರ್ಧ ಕೆಲಸ ಆಯಿತು. ಚಾಸಿಸ್ ನಂಬರ್ ಕೊಟ್ಟು ಒರಿಜಿನಲ್ ಹೋಸ್ ಆರ್ಡರ್ ಮಾಡಿ. ಸಾಮಾನು ಎಲ್ಲ ಕೈಗೆ ಬರುವವರೆಗೆ ಗಾಡಿ ಬಿಚ್ಚಬೇಡಿ, ಹಳೇ ಮಾಡೆಲ್‌ನ ಪಾರ್ಟ್ಸ್ ಯಾವಾಗ ಬರುತ್ತದೆ ಅಂತ ಹೇಳಲಿಕ್ಕೆ ಆಗುವುದಿಲ್ಲ. ಸೊಂಟ ಬಗ್ಗಿದ ಹೋಸ್ ಬದಲಿಗೆ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ನೇರ ಪೈಪ್ ಹಾಕಬೇಡಿ. ಬಗ್ಗಿಸಿದಲ್ಲಿ ಮಡಚಿಕೊಂಡು ಹರಿವು ನಿಲ್ಲುತ್ತದೆ. ಪೆಟ್ರೋಲ್ ಪೈಪ್ ಅಂತೂ ಬೇಡವೇ ಬೇಡ, ಅದು ಈ ಬಿಸಿಗೆ ಮಾಡಿದ ರಬ್ಬರ್ ಅಲ್ಲ. ಕ್ಲಿಪ್ ಸ್ಟೇನ್‌ಲೆಸ್ ಸ್ಟೀಲಿನದ್ದೇ ತನ್ನಿ. ನಮ್ಮ ಕಡಲ ಗಾಳಿಗೆ ಮಾಮೂಲಿ ಕ್ಲಿಪ್‌ನ ಸ್ಕ್ರೂ ತುಕ್ಕು ಹಿಡಿದು ತಿರುಗುವುದೇ ಇಲ್ಲ.

ಗಾಡಿ ಪೂರ್ತಿ ತಣ್ಣಗಾದ ಮೇಲೆ ಪ್ಯಾಡಕ್ ಸ್ಟ್ಯಾಂಡ್‌ನಲ್ಲಿ (ಹಿಂದಿನ ಚಕ್ರ ಎತ್ತಿ ಹಿಡಿಯುವ ಸ್ಟ್ಯಾಂಡ್) ನೆಟ್ಟಗೆ ನಿಲ್ಲಿಸಿ. ಬಿಸಿ ಇರುವಾಗ ಕ್ಯಾಪ್ ಮುಟ್ಟಬೇಡಿ, ಒಳಗೆ ಒತ್ತಡದಲ್ಲಿರುವ ಕೂಲೆಂಟ್ ಮುಖಕ್ಕೇ ಹಾರುತ್ತದೆ. ಮೊಬೈಲ್‌ನಲ್ಲಿ ನಾಲ್ಕು ಕಡೆಯಿಂದ ಫೋಟೋ ಹೊಡೆದುಕೊಳ್ಳಿ: ಯಾವ ಹೋಸ್ ವಯರಿನ ಮೇಲೆ ಹೋಗಿದೆ, ಕ್ಲಿಪ್‌ನ ಸ್ಕ್ರೂ ಯಾವ ಕಡೆ ಮುಖ ಮಾಡಿದೆ. ಆಮೇಲೆ ಡ್ರೇನ್ ಬೋಲ್ಟ್ ತೆಗೆದು ಕೂಲೆಂಟ್ ಇಳಿಸಿ. ಆ ಬೋಲ್ಟ್‌ನ ವಾಶರ್ ಹೊಸದು ಹಾಕಿ. ವಾಪಸ್ ಹಾಕುವಾಗ ಉದ್ದ ಹಿಡಿಯ ಪಾನಾ ತೆಗೆದುಕೊಂಡು ಜೀವ ಹಾಕಿ ಬಿಗಿಯಬೇಡಿ, ಬೋಲ್ಟ್ ಕೂರುವ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ.

ಹೋಸ್ ತೆಗೆಯುವಲ್ಲೇ ಹೆಚ್ಚಿನವರು ಗಾಡಿ ಕೆಡಿಸಿಕೊಳ್ಳುವುದು. ವರ್ಷಗಟ್ಟಲೆ ಕೂತ ರಬ್ಬರ್ ಮೂತಿಗೆ ಅಂಟಿರುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಅಥವಾ ಜಗ್ಗಿ ಎಳೆದರೆ ರೇಡಿಯೇಟರ್‌ನ ತೆಳು ಮೂತಿ ಬಗ್ಗುತ್ತದೆ, ಇಲ್ಲವೇ ಬುಡದಲ್ಲಿ ಬಿರುಕು ಬಿಡುತ್ತದೆ. ಮೊದಲು ಕೈಯಿಂದ ತಿರುಚಿ ನೋಡಿ. ಅಲುಗದಿದ್ದರೆ ಬ್ಲೇಡ್ ತೆಗೆದುಕೊಂಡು ಹೋಸ್‌ನ ಉದ್ದಕ್ಕೆ ಸೀಳಿ, ಬಾಳೆದಿಂಡಿನ ಪದರ ಬಿಡಿಸಿದಂತೆ ಬಿಚ್ಚಿ ತೆಗೆಯಿರಿ. ಹೇಗೂ ಎಸೆಯುವ ಹೋಸ್ ಅದು. ಬ್ಲೇಡ್ ಪೂರ್ತಿ ಆಳಕ್ಕೆ ಒತ್ತಬೇಡಿ, ಮೂತಿಗೆ ಗೀರು ಬಿದ್ದರೆ ಹೊಸ ಹೋಸ್ ಹಾಕಿದರೂ ಅಲ್ಲೇ ಜಿನುಗುತ್ತದೆ.

ಹಳೇ ಹೋಸ್ ಕಳಚಿ ಬಂದ ಮೇಲೆ ಮೂತಿ ನೋಡಿ. ಬಿಳಿ ಪದರ, ಸಣ್ಣ ಗುಳಿ ಕಾಣುತ್ತದೆ. ಅಲ್ಯೂಮಿನಿಯಂ ತಿಂದುಹೋದ ಗುರುತು ಅದು. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್‌ನಿಂದ ನಯವಾಗಿ ಉಜ್ಜಿ, ಒರಟು ಎಮರಿ ಪೇಪರ್ ಬೇಡ. ಹೊಸ ಹೋಸ್ ಜಾರಲಿಲ್ಲ ಅಂದರೆ ಒಳಗೆ ಸ್ವಲ್ಪ ಕೂಲೆಂಟ್ ಸವರಿ. ಗ್ರೀಸ್, ಎಂಜಿನ್ ಆಯಿಲ್ ಹಚ್ಚಬೇಡಿ. ಇಪಿಡಿಎಂಗೆ ಪೆಟ್ರೋಲಿಯಂ ಎಣ್ಣೆ ಆಗುವುದಿಲ್ಲ, ಉಬ್ಬಿ ಮೆತ್ತಗಾಗುತ್ತದೆ. ಮೂತಿಯ ತುದಿಯಲ್ಲಿ ಸುತ್ತಲೂ ಒಂದು ಉಬ್ಬು ಇರುತ್ತದೆ ನೋಡಿ. ಕ್ಲಿಪ್ ಅದರ ಹಿಂದೆ ಕೂರಬೇಕು, ಉಬ್ಬಿನ ಮೇಲೆ ಅಲ್ಲ.

ತುಂಬಿಸುವಾಗ ಅವಸರ ಬೇಡ. ನಿಧಾನವಾಗಿ ಹೊಯ್ಯಿರಿ, ಹೋಸ್‌ಗಳನ್ನು ಹಿಸುಕುತ್ತಾ ಇರಿ, ಗುಳುಗುಳು ಅಂತ ಗಾಳಿ ಬರುತ್ತದೆ. ಕ್ಯಾಪ್ ತೆರೆದೇ ಎಂಜಿನ್ ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಡಿ, ಮೂರು ನಾಲ್ಕು ಸಲ ಸ್ವಲ್ಪ ಆಕ್ಸಿಲರೇಟರ್ ಕೊಡಿ. ಮಟ್ಟ ಇಳಿದಷ್ಟು ತುಂಬಿಸಿ. ಗುಳ್ಳೆ ನಿಂತ ಮೇಲೆ ಎಂಜಿನ್ ಬಂದ್ ಮಾಡಿ ಕ್ಯಾಪ್ ಹಾಕಿ. ಮತ್ತೆ ಸ್ಟಾರ್ಟ್ ಮಾಡಿ ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಕಾಯಿರಿ. ಮರುದಿನ ತಣ್ಣಗಿರುವಾಗ ಮಟ್ಟ ನೋಡಿ, ಎಲ್ಲ ಕ್ಲಿಪ್‌ಗೂ ಒಮ್ಮೆ ಕೈ ಹಾಕಿ. ಗೋವಾಕ್ಕೆ ಹೊರಡುವ ಹಿಂದಿನ ರಾತ್ರಿ ಈ ಕೆಲಸ ಇಟ್ಟುಕೊಳ್ಳಬೇಡಿ ಮಾರಾಯ್ರೆ. ಒಂದೆರಡು ವಾರ ಇಲ್ಲೇ ಓಡಿಸಿ.

ಸುರತ್ಕಲ್‌ನಿಂದ ಒಬ್ಬರು:
ಬಣ್ಣಬಣ್ಣದ ಸಿಲಿಕೋನ್ ಹೋಸ್ ಕಿಟ್ ಸಿಗುತ್ತದಲ್ಲ, ಅದು ಒಳ್ಳೆಯದಾ?

ಮೆಕ್ಯಾನಿಕ್:
ಒಳ್ಳೆಯದೇ. ಬಿಸಿ ಜಾಸ್ತಿ ತಡೆಯುತ್ತದೆ, ಬಾಳಿಕೆಯೂ ಬರುತ್ತದೆ. ಆದರೆ ಮೆತ್ತಗಿನ ಸಾಮಾನು. ತೂತು ತೂತು ಪಟ್ಟಿಯ ಮಾಮೂಲಿ ಕ್ಲಿಪ್ ಹಾಕಿದರೆ ಆ ತೂತಿನೊಳಗೆ ಸಿಲಿಕೋನ್ ಉಬ್ಬಿ ಬಂದು ಕಡಿದುಹೋಗುತ್ತದೆ. ಒಳಮೈ ನುಣ್ಣಗಿರುವ ಕ್ಲಿಪ್ಪೇ ಬೇಕು. ನಿಮ್ಮ ಮಾಡೆಲ್‌ಗೇ ಅಚ್ಚು ಹಾಕಿದ ಕಿಟ್ ಸಿಕ್ಕರೆ ತೆಗೆದುಕೊಳ್ಳಿ, ಬರೀ ಚಂದಕ್ಕೆ ಬೇಡ. ಒರಿಜಿನಲ್ ಸಿಗುತ್ತದೆ ಅಂದರೆ ನಾನು ಅದನ್ನೇ ಹಾಕುತ್ತೇನೆ.

ಕಾಪುವಿನಿಂದ ಒಬ್ಬರು:
ನಮ್ಮಲ್ಲಿ ಹಿಮ ಬೀಳುವುದಿಲ್ಲ. ಕೂಲೆಂಟ್ ಯಾಕೆ, ಬಾವಿ ನೀರು ಹಾಕಿದರೆ ಎಂತ ಆಗುತ್ತದೆ?

ಮೆಕ್ಯಾನಿಕ್:
ಕುದಿಯುವ ಲೆಕ್ಕ ಮಾತ್ರ ನೋಡಿದರೆ ದೊಡ್ಡ ವ್ಯತ್ಯಾಸ ಇಲ್ಲ. 1.1 ಬಾರ್ (ಒತ್ತಡದ ಅಳತೆ) ಕ್ಯಾಪ್ ಇದ್ದರೆ ಬರೀ ನೀರೂ ಸುಮಾರು 120 ಡಿಗ್ರಿ ದಾಟಿಯೇ ಕುದಿಯುವುದು, ಅರ್ಧಕ್ಕರ್ಧ ಕೂಲೆಂಟ್ ಇನ್ನೂ ಏಳೆಂಟು ಡಿಗ್ರಿ ಮೇಲೆ. ಅಸಲು ವಿಷಯ ತುಕ್ಕಿನದ್ದು. ಕೂಲೆಂಟ್‌ನಲ್ಲಿ ತುಕ್ಕು ತಡೆಯುವ ಮದ್ದು ಇರುತ್ತದೆ, ನೀರಿನಲ್ಲಿ ಇಲ್ಲ. ಅದರಲ್ಲೂ ಕಡಲ ಬದಿಯ ಬಾವಿಯಲ್ಲಿ ಉಪ್ಪಿನ ಅಂಶ ಇದ್ದರೆ ಅಲ್ಯೂಮಿನಿಯಂಗೆ ಅದೇ ಶತ್ರು. ಕಾನ್ಸೆಂಟ್ರೇಟ್, ಅಂದರೆ ನೀರು ಬೆರೆಸದ ಕೂಲೆಂಟ್ ತಂದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬೆರೆಸಿ. ಮೊದಲೇ ಬೆರೆಸಿದ್ದು ಅಂತ ಬರೆದಿದ್ದರೆ ಮತ್ತೆ ನೀರು ಸೇರಿಸಬೇಡಿ. ಸಿಲಿಕೇಟ್ ಇಲ್ಲದ್ದು, ಅಲ್ಯೂಮಿನಿಯಂ ಎಂಜಿನ್‌ಗೆ ಅಂತ ಇರುವುದು ನೋಡಿ. ಹಸಿರು, ಕೆಂಪು ಬಣ್ಣ ನೋಡಿ ಆರಿಸಬೇಡಿ, ಬಣ್ಣಕ್ಕೆ ಯಾವ ನಿಯಮವೂ ಇಲ್ಲ.

ಬಂಟ್ವಾಳದಿಂದ ಒಬ್ಬರು:
ಶಿರಾಡಿ ಘಾಟಿ ಮಧ್ಯೆ ಹೋಸ್ ಸೀಳಿದರೆ? ಸೈಕಲ್ ಟ್ಯೂಬ್ ಸುತ್ತಬಹುದಾ?

ಮೆಕ್ಯಾನಿಕ್:
ಮೊದಲು ಎಂಜಿನ್ ಬಂದ್ ಮಾಡಿ ಚೆನ್ನಾಗಿ ಆರಲು ಬಿಡಿ. ಹೋಸ್ ಒರೆಸಿ ಒಣಗಿಸಿ, ತನಗೆ ತಾನೇ ಅಂಟಿಕೊಳ್ಳುವ ಸಿಲಿಕೋನ್ ಟೇಪ್ ಇದ್ದರೆ ಎಳೆದೆಳೆದು ಸುತ್ತಿ. ಇಲ್ಲದಿದ್ದರೆ ಸೈಕಲ್ ಟ್ಯೂಬ್, ಮೇಲೆ ವಯರ್ ಬಿಗಿತ. ಸೀಳು ತುದಿಯಲ್ಲೇ ಇದ್ದು ಹೋಸ್ ಸ್ವಲ್ಪ ಉದ್ದ ಇದ್ದರೆ ಹಾಳಾದಷ್ಟು ಕತ್ತರಿಸಿ ಮತ್ತೆ ತೊಡಿಸಬಹುದು, ಅದೇ ಗಟ್ಟಿ. ಇಂಥ ತುರ್ತಿನಲ್ಲಿ ಮಾತ್ರ ಕೂಲೆಂಟ್ ಬದಲಿಗೆ ಯಾವ ನೀರಾದರೂ ನಡೆಯುತ್ತದೆ. ಟೆಂಪರೇಚರ್ ನೋಡಿಕೊಂಡು ನಿಧಾನ ಇಳಿಯಿರಿ, ಮೇಲೆ ಹತ್ತುವ ಸಾಹಸ ಬೇಡ. ಊರು ಸೇರಿದ ಮೇಲೆ ನೀರು ಇಳಿಸಿ ಕೂಲೆಂಟ್ ಹಾಕಿ.

ಸಂತೆಕಟ್ಟೆ:
ಅಣ್ಣ, ಹಿಸುಕಿ ನೋಡಿದೆ. ಮೇಲಿನ ಹೋಸ್‌ನ ತುದಿಯೂ ಮೆತ್ತಗೆ ಉಂಟು. ಎಲ್ಲ ಆರ್ಡರ್ ಮಾಡಿದೆ. ಇನ್ನೊಂದು, ವಾಟರ್ ಪಂಪ್ ಕೆಳಗೆ ಒಂದು ಸಣ್ಣ ತೂತು ಕಾಣುತ್ತದೆ, ಅಲ್ಲೂ ಕಲೆ ಇದೆ. ಎಂಸೀಲ್ ಹಾಕಿ ಮುಚ್ಚಲಾ? ಹಳೇ ಕೂಲೆಂಟ್ ಎಲ್ಲಿ ಚೆಲ್ಲುವುದು?

ಮೆಕ್ಯಾನಿಕ್:
ಮುಚ್ಚಬೇಡಿ! ಪಂಪ್ ಸೀಲ್ ಹೋದರೆ ಕೂಲೆಂಟ್ ಎಂಜಿನ್ ಆಯಿಲ್‌ಗೆ ಸೇರದೆ ಹೊರಗೆ ಬರಲಿ ಅಂತಲೇ ಆ ತೂತು ಇಟ್ಟಿರುವುದು. ಒಣ ಕಲೆ ಮಾತ್ರ ಇದ್ದರೆ ಒರೆಸಿ ಗಮನಿಸಿ. ಓಡಿಸಿ ಬಂದಾಗೆಲ್ಲ ಹನಿ ಬಂದರೆ ಸೀಲ್ ಬದಲಿಸಬೇಕು. ಕೂಲೆಂಟ್ ಹೇಗೂ ಇಳಿಸುತ್ತೀರಲ್ಲ, ಆಗಲೇ ಮಾಡಿಸಿದರೆ ಎರಡು ಖರ್ಚು ಇಲ್ಲ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಗಾಡಿ ಓಡಿಸಬೇಡಿ, ನೇರ ಗ್ಯಾರೇಜಿಗೆ ತನ್ನಿ.

ಹಳೇ ಕೂಲೆಂಟ್ ಅಂಗಳಕ್ಕೆ, ಬಾವಿ ಬದಿಗೆ ಚೆಲ್ಲಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಎಂಬ ವಿಷದ ರುಚಿ ಸಿಹಿ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ, ಮಕ್ಕಳಿಗೂ ಅಪಾಯ. ಮುಚ್ಚಳ ಇರುವ ಕ್ಯಾನ್‌ಗೆ ತುಂಬಿಸಿ ಮೇಲೆ ಹೆಸರು ಬರೆದಿಡಿ. ಹಳೇ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿನವರಲ್ಲಿ ಕೇಳಿ, ಆದರೆ ಆಯಿಲ್ ಡಬ್ಬಕ್ಕೆ ಬೆರೆಸಬೇಡಿ. ಕೂಲೆಂಟ್ ಸೇರಿದ ಆಯಿಲ್ ಅವರು ತೆಗೆದುಕೊಳ್ಳುವುದಿಲ್ಲ.