ಝೂ ಟಿಕೆಟ್ ದುಡ್ಡು ಕಾಡಿಗೂ ಹೋಗುತ್ತಾ? ಝೂ ಪಶುವೈದ್ಯರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಜೆ.ಪಿ. ನಗರದ ಒಬ್ಬ ತಾಯಿ): ಡಾಕ್ಟ್ರೇ, ನಮಸ್ಕಾರ. ಹೋದ ಭಾನುವಾರ ಮಗಳನ್ನು ಬನ್ನೇರುಘಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ಸಫಾರಿಯಲ್ಲಿ ಹುಲಿ ಕಂಡಿತು, ಅವಳಿಗೆ ಖುಷಿಯೋ ಖುಷಿ. ವಾಪಸ್ ಬರುವಾಗ, "ಅಮ್ಮಾ, ನಾವು ಕೊಟ್ಟ ದುಡ್ಡು ಕಾಡಿನ ಹುಲಿಗೂ ಹೋಗುತ್ತಾ?" ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಹೊರದೇಶದ ಝೂಗಳು ಬೇರೆ ಬೇರೆ ದೇಶಗಳ ಕಾಡುಪ್ರಾಣಿಗಳಿಗೆ ಹಣ ಕೊಡುತ್ತವೆ ಎಂದು ಓದಿದ ನೆನಪು. ಅದು ನಿಜಾನಾ?

ಉತ್ತರ: ಮೇಡಂ, ನಿಜ. ಆದರೆ ಮೊದಲು ನಮ್ಮೂರಿನ ಲೆಕ್ಕ ಹೇಳಿಬಿಡುತ್ತೇನೆ.

ಬನ್ನೇರುಘಟ್ಟ ಜೈವಿಕ ಉದ್ಯಾನ, ಮೈಸೂರು ಝೂ ಎರಡೂ ಕರ್ನಾಟಕ ಮೃಗಾಲಯ ಪ್ರಾಧಿಕಾರದ ಕೆಳಗೆ ಬರುತ್ತವೆ. ಗೇಟಿನಲ್ಲಿ ಸೇರುವ ದುಡ್ಡೇ ಅವಕ್ಕೆ ಮುಖ್ಯ ಆದಾಯ. ಮಾಂಸ, ಹುಲ್ಲು, ಔಷಧಿ, ಪ್ರಾಣಿ ಪಾಲಕರ ಸಂಬಳ ಎಲ್ಲ ಅದರಲ್ಲೇ ತೂಗಬೇಕು. ಕೋವಿಡ್ ಸಮಯದಲ್ಲಿ ಗೇಟು ಮುಚ್ಚಿತು, ಹುಲಿಗೆ ಹಸಿವು ನಿಲ್ಲಲಿಲ್ಲ. ಆಗ ಎಷ್ಟೋ ಜನ ಪ್ರಾಣಿಗಳನ್ನು ದತ್ತು ತೆಗೆದುಕೊಂಡು ಕೈ ಹಿಡಿದರು. ಹಾಗಾಗಿ ನಿಮ್ಮ ಟಿಕೆಟ್ ದುಡ್ಡು ಜಾಸ್ತಿ ಪಾಲು ನೀವು ನೋಡಿದ ಆ ಹುಲಿಯ ಹೊಟ್ಟೆಗೇ ಹೋಗಿದೆ. ಮಗಳಿಗೆ ಇದನ್ನು ಧಾರಾಳವಾಗಿ ಹೇಳಿ.

ಹೊರಗೆ ಕೆಲವು ಝೂಗಳು ಬೇರೆ ದಾರಿ ಹಿಡಿದಿವೆ. ನ್ಯೂಯಾರ್ಕಿನ ಬ್ರಾಂಕ್ಸ್ ಝೂನಲ್ಲಿ 1999ರಲ್ಲಿ ಗೊರಿಲ್ಲಾಗಳಿಗೆ ಕಾಂಗೋ ಕಾಡಿನಂಥ ಜಾಗ ಮಾಡಿದರು. ಅದಕ್ಕೆ ಬೇರೆ ಟಿಕೆಟ್ ಇಟ್ಟರು. ನೋಡಿ ಹೊರಗೆ ಬರುವಾಗ ಅಲ್ಲೊಂದು ಪರದೆ ಇರುತ್ತಿತ್ತು. ನಿಮ್ಮ ಟಿಕೆಟ್ ದುಡ್ಡು ಆಫ್ರಿಕಾದ ಯಾವ ಕೆಲಸಕ್ಕೆ ಹೋಗಬೇಕು ಎಂದು ನೀವೇ ಅದರ ಮೇಲೆ ಒತ್ತಿ ಆರಿಸಬೇಕಿತ್ತು. ನಿಮ್ಮ ಮಗಳಂಥವರಿಗೆಂದೇ ಇಟ್ಟ ಹಾಗಿದೆ, ಅಲ್ವಾ?

ಇದರ ಒಂದು ಎಳೆ ನಮ್ಮ ರಾಜ್ಯಕ್ಕೂ ಬಂದಿದೆ. ಬ್ರಾಂಕ್ಸ್ ಝೂ ನಡೆಸುವ ವೈಲ್ಡ್‌ಲೈಫ್ ಕನ್ಸರ್ವೇಶನ್ ಸೊಸೈಟಿಯೇ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರ ಹುಲಿ ಅಧ್ಯಯನಕ್ಕೂ ವರ್ಷಗಟ್ಟಲೆ ಬೆಂಬಲ ಕೊಟ್ಟಿತು. ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಎದುರು ಬಂದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ) ಇಟ್ಟು, ಮೈಮೇಲಿನ ಪಟ್ಟೆ ನೋಡಿ ಒಂದೊಂದು ಹುಲಿಯನ್ನೂ ಗುರುತಿಸಿ ಎಣಿಸುವ ವಿಧಾನ ಗಟ್ಟಿಯಾಗಿದ್ದು ಅಲ್ಲೇ. ಈಗ ದೇಶದ ಹುಲಿ ಗಣತಿಯಲ್ಲೂ ಕ್ಯಾಮೆರಾ ಟ್ರ್ಯಾಪ್ ಬಳಸುತ್ತಾರೆ.

ಪ್ರಶ್ನೆ (ಬನಶಂಕರಿಯಿಂದ ಒಬ್ಬರು): ಸರ್, ನಾನು ಲೆಕ್ಕಪತ್ರದ ಕೆಲಸದವನು. ಒಟ್ಟು ಎಷ್ಟು ಹಣ? ಕೊನೆಗೆ ಅದು ಯಾವ ಬಾಬ್ತಿಗೆ ಖರ್ಚಾಗುತ್ತದೆ? "ಸಂರಕ್ಷಣೆಗೆ" ಎಂದು ಬರೆದರೆ ನನಗೆ ಸಮಾಧಾನವಿಲ್ಲ.

ಉತ್ತರ: ಸಮಾಧಾನ ಆಗಲೂಬಾರದು ಸರ್.

ವಿಶ್ವ ಝೂ ಒಕ್ಕೂಟದ ಝೂಗಳು, ಅಕ್ವೇರಿಯಂಗಳು ಎಲ್ಲ ಸೇರಿ ವರ್ಷಕ್ಕೆ ಸುಮಾರು 35 ಕೋಟಿ ಡಾಲರ್ ವನ್ಯಜೀವಿ ಸಂರಕ್ಷಣೆಗೆ ಖರ್ಚು ಮಾಡುತ್ತವೆ ಎಂದು ಹದಿನೈದು ವರ್ಷದ ಹಿಂದೆಯೇ ಅಂದಾಜು ಮಾಡಿದ್ದರು. ಅಮೆರಿಕದ ಝೂ ಸಂಘದ ಸದಸ್ಯರೇ ಈಚಿನ ವರ್ಷಗಳಲ್ಲಿ ವರ್ಷಕ್ಕೆ 20 ಕೋಟಿ ಡಾಲರಿಗೂ ಹೆಚ್ಚು ಕೊಟ್ಟಿದ್ದಾರೆ. ಇದು ದೊಡ್ಡ ಮೊತ್ತವೇ. ಆದರೆ ಝೂಗಳ ಒಟ್ಟು ಖರ್ಚಿನ ಮುಂದೆ ಸಣ್ಣದು. ವರ್ಷದ ಖರ್ಚಿನಲ್ಲಿ ಕನಿಷ್ಠ 3% ಕಾಡಿನ ಕೆಲಸಕ್ಕೆ ಇಡಿ ಎಂದು ಒಕ್ಕೂಟ ಹೇಳುತ್ತಿದೆ. ಎಲ್ಲರೂ ಅಲ್ಲಿಗೆ ಮುಟ್ಟಿಲ್ಲ.

ಬಾಬ್ತು ಕೇಳಿದಿರಲ್ಲ, ನನಗೆ ಮುಖ್ಯ ಅನ್ನಿಸುವುದು ಅದೇ. ಗಸ್ತು ತಿರುಗುವವರ ಸಂಬಳ, ಜೀಪಿನ ಡೀಸೆಲ್, ಬೂಟು, ರಕ್ತ ಪರೀಕ್ಷೆ ಕಿಟ್. ಈ ಪಟ್ಟಿ ನೋಡಿ ದೊಡ್ಡ ದಾನಿಗಳು ಮುಖ ತಿರುಗಿಸುತ್ತಾರೆ. ಅವರಿಗೆ ಕಟ್ಟಡ ಬೇಕು, ಹೊಸ ಯಂತ್ರ ಬೇಕು, ಎರಡು ವರ್ಷದಲ್ಲಿ ಫಲಿತಾಂಶ ಬೇಕು. ಒಳ್ಳೆಯ ಝೂ ಕೊಡುವ ಹಣದ ಗುಣವೇ ಬೇರೆ. ಅದು ಸಣ್ಣದಾಗಿರುತ್ತದೆ, ಆದರೆ ಪ್ರತಿ ವರ್ಷ ಬರುತ್ತದೆ.

ಅಸ್ಸಾಮಿನ ಪಿಗ್ಮಿ ಹಂದಿಯ ಕಥೆ ಕೇಳಿ. ಎತ್ತರ ಸುಮಾರು 25 ಸೆಂಟಿಮೀಟರ್, ತೂಕ ಹತ್ತು ಕೆ.ಜಿ.ಗಿಂತ ಕಡಿಮೆ. ಪ್ರಪಂಚದ ಹಂದಿಗಳಲ್ಲೇ ಅತಿ ಚಿಕ್ಕದು. ಎತ್ತರದ ಹುಲ್ಲುಗಾವಲೇ ಅದರ ಮನೆ. ಹುಲ್ಲಿಗೆ ಬೆಂಕಿ ಬಿದ್ದು, ದನ ಮೇದು, ಊರು ಬೆಳೆದು ಅದರ ನೆಲೆಯೇ ಹೋಯಿತು. ಕಣ್ಮರೆಯಾಯಿತು ಎಂದೇ ತಿಳಿದಿದ್ದರು. 1971ರಲ್ಲಿ ಮತ್ತೆ ಸಿಕ್ಕಿತು. ಇದರ ಕೈ ಹಿಡಿದವರು ಯಾರು ಗೊತ್ತಾ? ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ಜರ್ಸಿ ಎಂಬ ಪುಟ್ಟ ದ್ವೀಪ ಇದೆ. ಜೆರಾಲ್ಡ್ ಡರೆಲ್ 1959ರಲ್ಲಿ ಅಲ್ಲೊಂದು ಝೂ ಕಟ್ಟಿದರು. ಆ ಝೂನ ಟ್ರಸ್ಟು ಅಸ್ಸಾಂ ಅರಣ್ಯ ಇಲಾಖೆ ಮತ್ತು ಅಲ್ಲಿನ ಸಂಸ್ಥೆಗಳ ಜೊತೆ ಸೇರಿತು. 1996ರಲ್ಲಿ ಮಾನಸ್ ಕಾಡಿನಿಂದ 6 ಹಂದಿ ಹಿಡಿದು ಗುವಾಹಟಿ ಹತ್ತಿರದ ಬಸಿಸ್ಠದಲ್ಲಿ ಮರಿ ಮಾಡಿಸಲು ಶುರು ಮಾಡಿದರು.

ಮೊದಲ ಹಂದಿಗಳನ್ನು ಕಾಡಿಗೆ ಬಿಟ್ಟಿದ್ದು 2008ರಲ್ಲಿ, ಸೋನಾಯ್ ರೂಪಾಯ್ ಅಭಯಾರಣ್ಯದಲ್ಲಿ. ಅಂದರೆ 12 ವರ್ಷ ಬರೀ ಸಾಕುವುದು, ಕಾಯುವುದು. ಇಲ್ಲಿಯವರೆಗೆ ನೂರಕ್ಕೂ ಹೆಚ್ಚು ಹಂದಿಗಳು ಕಾಡು ಸೇರಿವೆ. 2020ರಿಂದ ಮಾನಸ್‌ಗೇ ವಾಪಸ್ ಬಿಡುತ್ತಿದ್ದಾರೆ. ಅದೇ ವರ್ಷ ಅಸ್ಸಾಮಿಗೆ ಆಫ್ರಿಕನ್ ಹಂದಿ ಜ್ವರ ಬಂತು. ಅದಕ್ಕೆ ಲಸಿಕೆ ಇರಲಿಲ್ಲ. ಆ ಸುದ್ದಿ ಕೇಳಿದಾಗ ನನಗೆ ಎದೆ ಧಸಕ್ಕೆಂದಿತು. ಇಂಥ ಹೊತ್ತಿನಲ್ಲಿ ಪ್ರಾಣಿಗಳನ್ನು ಉಳಿಸುವುದು ಸಾಬೂನು, ಸುಣ್ಣ, ಬೇರೆ ಬೂಟು, ಬಾಗಿಲಲ್ಲಿ ಕಾವಲು. ಅದಕ್ಕೂ ಪ್ರತಿ ತಿಂಗಳು ಯಾರೋ ದುಡ್ಡು ಕೊಡಲೇಬೇಕು.

ನಾನೇ ಕೆಲಸ ಮಾಡಿದ ಒಂದು ಯೋಜನೆ ಎರಡು ವರ್ಷಕ್ಕೆ ನಿಂತಿತು. ದಾನಿ ಸಂಸ್ಥೆಗೆ ಬೇರೆ ವಿಷಯದಲ್ಲಿ ಆಸಕ್ತಿ ಹುಟ್ಟಿತ್ತು. ನಾವು ತರಬೇತಿ ಕೊಟ್ಟಿದ್ದ ನಾಲ್ಕು ಹುಡುಗರು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದರು. ಅವರಿಗೆ ಗೊತ್ತಿದ್ದ ಕಾಡು ಅವರ ಜೊತೆಯಲ್ಲೇ ಬಂದುಬಿಟ್ಟಿತು. ಅದು ಇವತ್ತಿಗೂ ನನಗೆ ಸಂಕಟ.

ಪ್ರಶ್ನೆ (ಮಲ್ಲೇಶ್ವರದ ವಿದ್ಯಾರ್ಥಿನಿ): ಸರ್, ಬೇಜಾರು ಮಾಡಿಕೊಳ್ಳಬೇಡಿ. ಪ್ರಾಣಿಯನ್ನು ಕೂಡಿಹಾಕಿ, ಅದರಿಂದ ಬಂದ ದುಡ್ಡಲ್ಲಿ ಮೂರು ಪೈಸೆ ಕಾಡಿಗೆ ಕೊಟ್ಟರೆ ನ್ಯಾಯ ಆಯಿತಾ?

ಉತ್ತರ: ಬೇಜಾರು ಯಾಕಮ್ಮ? ಸರಿಯಾದ ಪ್ರಶ್ನೆ ಕೇಳಿದ್ದೀಯ. ಕಾಡಿಗೆ ಏನೂ ಕೊಡದೆ, ಮರಿ ಮಾಡಿಸಿ ಪ್ರದರ್ಶನ ಮಾತ್ರ ಮಾಡುವ ಝೂ ಬೇಕಾಗಿಲ್ಲ. ಇದು ಝೂನಲ್ಲೇ ಬದುಕು ಕಳೆದವನ ಮಾತು.

ಆದರೆ ಅರೇಬಿಯನ್ ಓರಿಕ್ಸ್ ವಿಷಯ ನೋಡು. ಬಿಳಿ ಮೈ, ನೆಟ್ಟಗಿನ ಉದ್ದ ಕೊಂಬು, ಮರುಭೂಮಿಯ ಹುಲ್ಲೆ. 1972ರಲ್ಲಿ ಕಾಡಿನಲ್ಲಿದ್ದ ಕೊನೆಯ ಓರಿಕ್ಸ್‌ಗಳೂ ಬೇಟೆಗೆ ಹೋದವು. ಪುಣ್ಯಕ್ಕೆ ಅದಕ್ಕೆ ಸುಮಾರು ಹತ್ತು ವರ್ಷ ಮೊದಲೇ ಅಮೆರಿಕದ ಫೀನಿಕ್ಸ್ ಝೂನಲ್ಲಿ ಒಂದು ಹಿಂಡು ಬೆಳೆಸಲು ಶುರು ಮಾಡಿದ್ದರು. 1982ರಲ್ಲಿ ಒಮಾನಿನ ಮರುಭೂಮಿಗೆ ವಾಪಸ್ ಬಿಟ್ಟರು. ಸಂಖ್ಯೆ 400 ದಾಟಿತು. 1996ರಿಂದ ಮತ್ತೆ ಕಳ್ಳಬೇಟೆ. ಕೆಲವೇ ವರ್ಷದಲ್ಲಿ ಹಿಂಡು ಕರಗಿತು. ಮೇಲಿಂದ ಸರ್ಕಾರ ಆ ಅಭಯಾರಣ್ಯದ 90% ಜಾಗವನ್ನೇ ಕಡಿಮೆ ಮಾಡಿತು. 2007ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆ ಪಟ್ಟಿಯಿಂದ ತೆಗೆದುಹಾಕಿತು. ಹಾಗೆ ಪಟ್ಟಿಯಿಂದ ಹೋದ ಮೊದಲ ಜಾಗ ಅದು.

ಝೂ ಇಲ್ಲದಿದ್ದರೆ ಬಿಡಲು ಓರಿಕ್ಸೇ ಇರುತ್ತಿರಲಿಲ್ಲ. ಕಾವಲು ಬಲವಾಗಿಲ್ಲದ ಕಡೆ, ಬಿಟ್ಟ ಓರಿಕ್ಸೂ ಉಳಿಯಲಿಲ್ಲ. ಅದಕ್ಕೇ ನಾನು ಮತ್ತೆ ಮತ್ತೆ ಗಸ್ತಿನವರ ಸಂಬಳದ ಮಾತು ಎತ್ತುವುದು. ಬೇರೆ ದೇಶಗಳಲ್ಲೂ ಬಿಟ್ಟಿದ್ದರಿಂದ ಈಗ ಕಾಡಿನಲ್ಲಿ ಸಾವಿರದಷ್ಟು ಓರಿಕ್ಸ್ ಇವೆ.

ಇನ್ನೊಂದು ಮಾತು. ಅಮೆರಿಕದ ಝೂಗಳ ಪ್ರಾಣಿ ಪಾಲಕರು 1990ರಿಂದ ಪ್ರತಿ ವರ್ಷ ಬೌಲಿಂಗ್ ಆಟ ಇಟ್ಟು ಘೇಂಡಾಮೃಗಕ್ಕೆ ಚಂದಾ ಎತ್ತುತ್ತಾರೆ. ಆ ಹಣ ಕೀನ್ಯಾದ ಲೇವಾ, ಇಂಡೋನೇಷ್ಯಾದ ವೇ ಕಂಬಾಸ್‌ನಂಥ ರಕ್ಷಿತ ಪ್ರದೇಶಗಳಿಗೆ ಹೋಗುತ್ತದೆ. ಪಾಲಕರ ಸಂಬಳ ಅಲ್ಲೂ ದೊಡ್ಡದಲ್ಲ. ಬೆಳಗ್ಗೆ ಸಗಣಿ ಬಾಚುವ ಕೈಗಳೇ ಸಂಜೆ ಚಂದಾ ಎತ್ತುತ್ತವೆ.

ಮುಂದೆ ಯಾವ ಝೂಗೆ ಹೋದರೂ ಕೌಂಟರಿನಲ್ಲಿ ಒಂದು ಮಾತು ಕೇಳು: "ನೀವು ಯಾವ ಕಾಡಿಗೆ, ಎಷ್ಟು ವರ್ಷದಿಂದ ಹಣ ಕೊಡುತ್ತಿದ್ದೀರಿ?" ಉತ್ತರ ಇದ್ದವರು ಖುಷಿಯಿಂದ ಹೇಳುತ್ತಾರೆ.

ಪ್ರಶ್ನೆ (ಜೆ.ಪಿ. ನಗರದ ತಾಯಿ ಮತ್ತೆ): ತುಂಬಾ ಥ್ಯಾಂಕ್ಸ್ ಡಾಕ್ಟ್ರೇ. ಮಗಳಿಗೆ ಎಲ್ಲ ಓದಿ ಹೇಳಿದೆ. ಹುಲಿ ಮರೆತೇಹೋಯಿತು, ಈಗ ಹಂದಿಯದ್ದೇ ಜಪ. ಅದು ರಾತ್ರಿ ಎಲ್ಲಿ ಮಲಗುತ್ತದೆ ಎಂದು ನಿಮ್ಮನ್ನೇ ಕೇಳಬೇಕಂತೆ.

ಉತ್ತರ: ಪುಟ್ಟಿಗೆ ಹೇಳಿ, ಅದು ಹುಲ್ಲನ್ನು ಬಾಯಲ್ಲಿ ಕಚ್ಚಿ ತಂದು ಗೂಡು ಕಟ್ಟುತ್ತದೆ. ನೆಲವನ್ನು ಸ್ವಲ್ಪ ತೋಡಿ, ಮೇಲೆ ಹುಲ್ಲು ಹೊದಿಸುತ್ತದೆ. ತಾಯಿ, ಮರಿಗಳು ಒಳಗೆ ನುಸುಳಿ ಒತ್ತಿಕೊಂಡು ಮಲಗುತ್ತವೆ. ಹೊರಗಿನಿಂದ ನೋಡಿದರೆ ಬರೀ ಹುಲ್ಲಿನ ಗುಡ್ಡೆ.